ಎಲ್ಲರೂ ‘ಹೂಂ’ ಅಂದಾಗ

ಹುಬ್ಬಳ್ಳಿ

ಚಿರಂಜೀವಿ ಮಗಳಿಗೆ ಕಾಕಾನ ಆಶೀರ್ವಾದಗಳು.

‘ನಾನು ಟೀಮ್ ಲೀಡ್ ಆದ ಮೇಲೆ ಮೀಟಿಂಗಿನಲ್ಲಿ ಎಲ್ಲರೂ ಹೂಂ ಅಂತಾರೆ, ಅದೇ ಹೆದರಿಕೆ ಕಾಕಾ’ ಅಂತ ಬರೆದಿದ್ದೀಯಲ್ಲ, ಆ ಸಾಲು ನನ್ನನ್ನು ಬಿಡುತ್ತಿಲ್ಲ. ಉಳಿದ ಸುದ್ದಿಯನ್ನು ನಿಮ್ಮವ್ವ ಫೋನಿನಲ್ಲಿ ಹೇಳಿದ್ದಾರೆ.

ನಾನಿದ್ದ ಕಾರ್ಖಾನೆಯಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದರು. ಲೇಥಿನ ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅನ್ನುತ್ತಿದ್ದರು. ಒಂದು ದಿನ ಎಲ್ಲರ ಮುಂದೆ, ‘ಈ ಅಳತೆ ಸರಿ ಇಲ್ಲ ಸಾಹೇಬ್ರೆ’ ಅಂದರು. ‘ನೀನೇನು ಇಂಜಿನಿಯರಾ?’ ಅಂದರು ಮೇಲಿನವರು. ನಾಲ್ಕು ಜನ ನಕ್ಕರು. ಅಷ್ಟೇ. ನಿವೃತ್ತಿಯಾಗುವ ತನಕ ಅವರು ಹೂಂ ಬಿಟ್ಟು ಬೇರೆ ಮಾತಾಡಲಿಲ್ಲ. ಅವರಿಗೆ ಗೊತ್ತಿದ್ದದ್ದೆಲ್ಲ ಅವರ ಜೊತೆಗೇ ಹೋಯಿತು. ಆ ಬೇಸರ ನನಗೆ ಈಗಲೂ ಇದೆ.

ಅಜ್ಜ ಹೇಳುತ್ತಿದ್ದ ರೈಲ್ವೆ ನಿಯಮ ನೆನಪಿದೆ ಅಲ್ವಾ? ಹಳಿಯ ಮೇಲೆ ಅಪಾಯ ಕಂಡಾಗ ಕೆಂಪು ಬಾವುಟ ಇಲ್ಲದಿದ್ದರೆ, ಅಂಗೈ ಬಿಚ್ಚಿ ಎರಡೂ ಕೈ ತಲೆಯ ಮೇಲೆತ್ತಬೇಕು. ಡ್ರೈವರ್ ಗಾಡಿ ನಿಲ್ಲಿಸಬೇಕು. ಎತ್ತಿದವನು ಗ್ಯಾಂಗ್‌ಮನ್ನೋ ಸಾಹೇಬನೋ ಅಂತ ನೋಡುವ ಹಾಗಿಲ್ಲ.

ಕೈ ಎತ್ತಿದರೂ ನಿಲ್ಲಿಸದೇ ಹೋದದ್ದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ. ಚಳಿಗೆ ರಾಕೆಟ್ಟಿನ ಜೋಡಣೆಯ ರಬ್ಬರ್ ರಿಂಗ್ ಕೆಲಸ ಮಾಡೋದಿಲ್ಲ, ಹಾರಿಸಬೇಡಿ ಅಂತ ಇಂಜಿನಿಯರುಗಳು ಹಿಂದಿನ ರಾತ್ರಿಯೇ ಹೇಳಿದ್ದರು. 1986ರ ಜನವರಿ 28ರಂದು ಹಾರಿತು, 73 ಸೆಕೆಂಡಿಗೆ ಒಡೆಯಿತು. ಒಳಗಿದ್ದ 7 ಜನರೂ ಹೋದರು. ನಿನ್ನ ಹುಡುಗರು ಹೆದರಿ ಸುಮ್ಮನಿದ್ದಾರೋ, ಹೇಳಿ ಹೇಳಿ ಸಾಕಾಗಿ ಸುಮ್ಮನಿದ್ದಾರೋ, ಅದನ್ನು ನೀನೇ ನೋಡಬೇಕು.

ನಿಮ್ಮ ಸಾಫ್ಟ್‌ವೇರ್ ಕೆಲಸ ನನಗೆ ತಿಳಿಯೋದಿಲ್ಲ, ಆದರೂ ಹೇಳುತ್ತೇನೆ, ಬೇಸರ ಮಾಡ್ಕೋಬೇಡ. ನಿನ್ನ ಅಭಿಪ್ರಾಯ ಮೊದಲೇ ಹೇಳಿಬಿಡಬೇಡ. ‘ಎಲ್ಲರಿಗೂ ಒಪ್ಪಿಗೆನಾ’ ಅಂದರೆ ಹೂಂ ಅಂತಲೇ ಬರುತ್ತದೆ. ‘ಇದು ಎಲ್ಲಿ ಕೈಕೊಡಬಹುದು’ ಅಂತ ಕೇಳಿ ನೋಡು.

ಮತ್ತೆ ಅದೇ ಸಾಲು ಓದಿದೆ. ನಮ್ಮ ಮೇಲಿನವರಿಗೆ ಈ ಹೆದರಿಕೆ ಒಂದು ದಿನವೂ ಹುಟ್ಟಲಿಲ್ಲ ಮಗಳೇ. ಎಲ್ಲರೂ ಹೂಂ ಅಂದರೆ ಅವರಿಗೆ ಖುಷಿ. ನಿನಗೆ ಹುಟ್ಟಿದೆ, ಅದಕ್ಕೇ ನನಗೆ ಸ್ವಲ್ಪ ಧೈರ್ಯ.

ಇನ್ನೊಂದು. ಯಾರಾದರೂ ಕೆಟ್ಟ ಸುದ್ದಿ ತಂದಾಗ ನಿನ್ನ ಮುಖ ಬಾಡಬಾರದು, ಎಲ್ಲರೂ ನೋಡೋದು ಅದನ್ನೇ. ಅವರ ಮಾತು ನಡೆಸಲು ಆಗದಿದ್ದರೆ ಯಾಕೆ ಅಂತಾದರೂ ತಿಳಿಸು. ಚಹಾದಂಗಡಿಯಲ್ಲಿ ಯಾರು ಏನಂದರು ಅಂತ ಹುಡುಕಲು ಹೋಗಬೇಡ.

ಹೊಸ ಹುಡುಗಿಯೊಬ್ಬಳು ಸುಮ್ನೆ ಬರೆದುಕೊಳ್ಳುತ್ತಾ ಕೂರುತ್ತಾಳೆ ಅಂದಿದ್ದೆಯಲ್ಲ, ಸೋಮವಾರ ಅವಳನ್ನೇ ಮೊದಲು ಕೇಳು. ಬಾಯಿ ಬಿಡದಿದ್ದರೆ ಒತ್ತಾಯ ಬೇಡ, ಮುಂದಿನ ವಾರ ಮತ್ತೆ ಕೇಳು. ಏನಂದಳು ಅಂತ ನನಗೆ ಬರೆ.

ನಿನ್ನ ಕಾಕಾ