ಅಂಗಡಿ ಬಾಡಿಗೆ ಬಾಕಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಬಟ್ಟೆ ಅಂಗಡಿಯವರು ಐದು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ, ಸೋಮವಾರ ಶಟರ್‌ಗೆ ನಮ್ಮದೇ ಬೀಗ ಹಾಕಿಬಿಡ್ತೀನಿ ಅಂದೆಯಲ್ಲ, ಆ ಮಾತು ಕೇಳಿ ನನಗೆ ಭಯವಾಯಿತು. ದಯವಿಟ್ಟು ಬೀಗ ಹಾಕಬೇಡ. ಕರೆಂಟೂ ತೆಗೆಸಬೇಡ. ಕಟ್ಟಡ ನಮ್ಮದೇ ಆದರೂ ಕೋರ್ಟಿನ ಆದೇಶ ಇಲ್ಲದೆ ಅವರನ್ನು ಹೊರಗೆ ಹಾಕುವಂತಿಲ್ಲ. ಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಅಂಗಡಿಯನ್ನು ವಾಪಸ್ ಪಡೆಯುವ ದಾರಿ ಅವರಿಗಿದೆ. ಬಾಕಿ ಉಳಿಸಿಕೊಂಡವರು ಅವರು, ಕೋರ್ಟಿನಲ್ಲಿ ಉತ್ತರ ಕೊಡಬೇಕಾದವಳು ನೀನು ಅಂತಾಗುತ್ತದೆ.

ನನಗೆ ಬಾಕಿಗಿಂತ ಜಾಸ್ತಿ ಚಿಂತೆ ಅಡ್ವಾನ್ಸಿನದು. ತಿಂಗಳಿಗೆ 18,000 ಬಾಡಿಗೆ, 1,80,000 ಅಡ್ವಾನ್ಸ್. ಐದು ತಿಂಗಳಿಗೆ 90,000 ಆಯಿತು. ಅರ್ಧ ಆಗಲೇ ಕರಗಿದೆ. "ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಅಕ್ಕಾ" ಅಂತ ಅವರು ಹೇಳುವುದು ಸುಲಭ. ಕೇಸು ನಡೆಯುವಾಗಲೂ ಬಾಡಿಗೆ ಏರುತ್ತಲೇ ಇರುತ್ತದೆ. ಕರೆಂಟ್ ಬಿಲ್, ರಿಪೇರಿ ಬೇರೆ. ಅಡ್ವಾನ್ಸ್ ಪೂರ್ತಿ ಮುಗಿಯುವ ತನಕ ಸುಮ್ನೆ ಕೂತರೆ ಆಮೇಲೆ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಅದಕ್ಕೇ ಅಂಗಡಿ ಖಾಲಿ ಮಾಡಿ ಅಂತ ಈ ವಾರವೇ ನೋಟಿಸ್ ಹೋಗಲಿ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ನಮ್ಮ ಅಂಗಡಿಗೆ ಅನ್ವಯಿಸುವುದಿಲ್ಲ. 14 ಚದರ ಮೀಟರ್‌ಗಿಂತ ದೊಡ್ಡ ವ್ಯಾಪಾರದ ಜಾಗಗಳು ಅದರಿಂದ ಹೊರಗಿವೆ. ನಮ್ಮದು 300 ಚದರ ಅಡಿ, ಅಂದರೆ ಸುಮಾರು ಎರಡು ಪಟ್ಟು. ಹಾಗಾಗಿ ನಮಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಹನ್ನೊಂದು ತಿಂಗಳ ಕರಾರು ಮುಗಿದ ಮೇಲೂ ನಾವು ಬಾಡಿಗೆ ತೆಗೆದುಕೊಂಡಿದ್ದೇವೆ, ಅಲ್ವಾ? ಹಾಗಾದರೆ ಅದು ತಿಂಗಳ ಬಾಡಿಗೆ. ಅದನ್ನು ಕೊನೆಗೊಳಿಸಲು 106ನೇ ಕಲಮಿನಂತೆ 15 ದಿನದ ಲಿಖಿತ ನೋಟಿಸ್ ಸಾಕು. ವಕೀಲರಿಂದಲೇ ಬರೆಸು. ಅಂಚೆಯಲ್ಲಿ ಕಳಿಸಿದ ರಸೀದಿ, ತಲುಪಿದ ದಾಖಲೆ ಎರಡನ್ನೂ ಇಟ್ಟುಕೋ. ನೋಟಿಸ್ ಹೋದ ಮೇಲೆ ಅವರು ಬಾಡಿಗೆ ಅಂತ ದುಡ್ಡು ಹಾಕಿದರೆ ಸುಮ್ಮನೆ ತೆಗೆದುಕೊಂಡು ಕೂರಬೇಡ. ನೋಟಿಸನ್ನು ನಾವೇ ಕೈಬಿಟ್ಟೆವು ಅಂತ ವಾದ ಬರಬಹುದು. ವಕೀಲರನ್ನು ಕೇಳಿ, "ನೋಟಿಸಿಗೆ ಧಕ್ಕೆ ಇಲ್ಲದೆ, ಬಾಕಿಗೆ ಜಮೆ" ಎಂದು ಬರೆದೇ ತೆಗೆದುಕೋ.

ಇನ್ನು ಆ ಚೆಕ್. ಎರಡು ತಿಂಗಳ ಬಾಡಿಗೆಗೆ ಅವರು ಕೊಟ್ಟ 36,000ದ ಚೆಕ್ ಮೊನ್ನೆ ಬೌನ್ಸ್ ಆಗಿದೆ ಎಂದೆ. ಇದಕ್ಕೆ ದಿನಗಳ ಲೆಕ್ಕ ಬಹಳ ಬಿಗಿ. ಬ್ಯಾಂಕಿನ ಮೆಮೋ ಕೈಸೇರಿದ 30 ದಿನದೊಳಗೆ ಹಣ ಕೇಳಿ ನೋಟಿಸ್ ಕೊಡಬೇಕು. ಅದು ತಲುಪಿದ 15 ದಿನದೊಳಗೆ ಅವರು ಹಣ ಕಟ್ಟದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಚೆಕ್‌ಗಳ ಕಾಯ್ದೆಯ (ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್) 138ನೇ ಕಲಮಿನಲ್ಲಿ ಕೋರ್ಟಿಗೆ ದೂರು. ಇದು ಕ್ರಿಮಿನಲ್ ಕೇಸು, ಅದಕ್ಕೇ ತುಂಬಾ ಜನ ಈ ನೋಟಿಸ್ ಕಂಡ ಮೇಲೆ ದುಡ್ಡು ಹೊಂದಿಸುತ್ತಾರೆ. ಮೆಮೋ ಮೇಲಿನ ತಾರೀಖು ಈಗಲೇ ನೋಡು.

ಅಷ್ಟಾದರೂ ಅವರು ಬಗ್ಗದಿದ್ದರೆ ಸಿವಿಲ್ ದಾವೆ. ತೆರವು, ಬಾಕಿ, ನೋಟಿಸ್ ಅವಧಿ ಮುಗಿದ ಮೇಲೆ ಕೂತ ದಿನಗಳಿಗೆ ನಷ್ಟ ಪರಿಹಾರ, ಮೂರನ್ನೂ ಅದರಲ್ಲೇ ಕೇಳಬಹುದು. ಬಾಕಿ ಬಾಡಿಗೆಗೆ ಮೂರು ವರ್ಷದ ಕಾಲಮಿತಿ ಇದೆ. ಪ್ರತಿ ತಿಂಗಳಿನದು ಬೇರೆ ಬೇರೆ ಲೆಕ್ಕ.

ಅವರು ಕೆಟ್ಟವರಲ್ಲ ಪುಟ್ಟಿ, ವ್ಯಾಪಾರ ಇಲ್ಲ ಅಂತ ನನಗೂ ಗೊತ್ತು. ಅದಕ್ಕೇ ಒಮ್ಮೆ ಎದುರು ಕೂತು ಮಾತಾಡು. "ಇಷ್ಟು ಬಾಕಿ ಇದೆ, ಇಂಥ ತಾರೀಖಿಗೆ ಇಷ್ಟಿಷ್ಟು ಕಟ್ಟುತ್ತೇನೆ" ಎಂದು ಅವರ ಸಹಿಯಲ್ಲಿ ಬರೆಸಿಕೋ. ಕಾಲಮಿತಿಯೊಳಗೆ ಸಹಿ ಆದ ಅಂಥ ಕಾಗದದಿಂದ ಆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಮಾತುಕತೆ ಸಾಗುತ್ತಿದೆ ಅಂತ ನೋಟಿಸ್ ಮಾತ್ರ ನಿಲ್ಲಿಸಬೇಡ.

ಕರಾರು ಪತ್ರ ಮತ್ತು ಅಪ್ಪನ ಬಾಡಿಗೆ ನೋಟ್‌ಬುಕ್ ಗೋದ್ರೇಜ್ ಬೀರುವಿನ ಕೆಳಗಿನ ಖಾನೆಯಲ್ಲಿವೆ. ಫೋನ್‌ಪೇನಲ್ಲಿ ಬಂದ ಚಿಲ್ಲರೆ ದುಡ್ಡು ಯಾವ ತಿಂಗಳಿಗೆ ಜಮೆ ಆಯಿತು ಅಂತ ಅದರಲ್ಲಿ ಬರೆದು, ವಕೀಲರ ಹತ್ತಿರ ಹೋಗುವಾಗ ಎರಡನ್ನೂ ತೆಗೆದುಕೊಂಡು ಹೋಗು.

ನಿನ್ನ ಅಮ್ಮ