ಸೋಲಿಸುವುದು ಮತದಾರರಲ್ಲ, ಎಣಿಸುವ ರೀತಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಮೂರನೇ ಪಕ್ಷ ಯಾಕೆ ತಲೆ ಎತ್ತುವುದಿಲ್ಲ ಎಂಬ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಜನಕ್ಕೆ ಧೈರ್ಯ ಸಾಲದು, ಡೆಮಾಕ್ರಟಿಕ್, ರಿಪಬ್ಲಿಕನ್ ಎಂಬ ಹಳೆಯ ಎರಡು ಪಕ್ಷಗಳ ಗುಂಗು ಬಿಟ್ಟಿಲ್ಲ ಎಂದು ಲೇಖಕರು ಮತದಾರರನ್ನೇ ಬೈದಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಮತದಾರರಿಗೆ ಲೆಕ್ಕ ಚೆನ್ನಾಗಿ ಗೊತ್ತು. ಅದಕ್ಕೇ ಅವರು ಮೂರನೆಯವರಿಗೆ ಓಟು ಹಾಕಲು ಹಿಂಜರಿಯುತ್ತಾರೆ.

ಒಂದು ಕ್ಷೇತ್ರ, ಒಂದು ಸೀಟು, ಜಾಸ್ತಿ ಓಟು ಬಿದ್ದವರಿಗೆ ಗೆಲುವು. ಉಳಿದವರಿಗೆ ಏನೂ ಇಲ್ಲ. ಈ ಪದ್ಧತಿ ಎರಡು ಪಕ್ಷಗಳ ಕಡೆಗೇ ಎಳೆಯುತ್ತದೆ ಎಂದು ಫ್ರಾನ್ಸಿನ ರಾಜ್ಯಶಾಸ್ತ್ರಜ್ಞ ಮೊರಿಸ್ ಡುವರ್ಜೆ 1951ರಲ್ಲೇ ಬರೆದಿದ್ದರು. ಮೂರನೆಯವರಿಗೆ ಇಲ್ಲಿ ಎರಡು ಸಲ ಏಟು ಬೀಳುತ್ತದೆ. ಮೊದಲನೆಯದು ಎಣಿಕೆಯಲ್ಲಿ: ಎಲ್ಲೆಡೆ ಚದುರಿದ ಓಟು ಸೀಟಾಗುವುದಿಲ್ಲ. ಎರಡನೆಯದು ಮನಸ್ಸಿನಲ್ಲಿ: ಆ ಫಲಿತಾಂಶ ನೋಡಿದ ಜನ ಮುಂದಿನ ಸಲ ‘ಸುಮ್ನೆ ಓಟು ಯಾಕೆ ಹಾಳು ಮಾಡೋದು’ ಅಂದುಕೊಂಡು ದೊಡ್ಡ ಪಕ್ಷಗಳ ಪೈಕಿ ವಾಸಿ ಅನ್ನಿಸಿದವರ ಕಡೆ ಹೋಗುತ್ತಾರೆ. ದೇಣಿಗೆ ಕೊಡುವವರೂ ಹಾಗೇ ಯೋಚಿಸುತ್ತಾರೆ. ಗೆಲ್ಲಬಲ್ಲ ಅಭ್ಯರ್ಥಿಗಳೂ ಅಷ್ಟೇ.

1992ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತ ರಾಸ್ ಪೆರೋ ಅವರಿಗೆ ಸುಮಾರು 19% ಓಟು ಬಂತು. ಐದರಲ್ಲಿ ಒಂದು ಪಾಲು ಅಂತಲೇ ಹೇಳಬಹುದು. ಅಧ್ಯಕ್ಷರನ್ನು ಆರಿಸುವ ಎಲೆಕ್ಟೋರಲ್ ಕಾಲೇಜಿನಲ್ಲಿ ಅವರಿಗೆ ಸಿಕ್ಕಿದ್ದು ಸೊನ್ನೆ, ಯಾಕೆಂದರೆ ಅಲ್ಲಿಯ ಮತಗಳು ಬಹುತೇಕ ರಾಜ್ಯಗಳಲ್ಲಿ ಆ ರಾಜ್ಯದಲ್ಲಿ ಮೊದಲು ಬಂದವರಿಗೇ ಪೂರ್ತಿ ಹೋಗುತ್ತವೆ. ಬ್ರಿಟನ್ನಿನಲ್ಲಿ 1983ರಲ್ಲಿ ನಡೆದದ್ದು ಇನ್ನೂ ವಿಚಿತ್ರ. ಲೇಬರ್ ಪಕ್ಷಕ್ಕೆ 27.6% ಓಟು, 209 ಸೀಟು. ಲಿಬರಲ್ ಮತ್ತು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಗಳ ಮೈತ್ರಿಕೂಟಕ್ಕೆ 25.4% ಓಟು, 23 ಸೀಟು! ಓಟಿನಲ್ಲಿ ಎರಡು ಚಿಲ್ಲರೆ ಶೇಕಡಾ ವ್ಯತ್ಯಾಸ, ಸೀಟಿನಲ್ಲಿ ಒಂಬತ್ತು ಪಟ್ಟು. ಇದನ್ನು ನೋಡಿದ ಮೇಲೂ ಮೂರನೆಯವರಿಗೇ ಹಾಕಿ ಎಂದು ಜನಕ್ಕೆ ಹೇಳುವುದು ಸುಲಭವೇ?

ಇನ್ನು ಓಟು ಒಡೆಯುವ ಭಯ. ಅದೇನೂ ಕಟ್ಟುಕತೆಯಲ್ಲ. 2000ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಬುಷ್ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ವಿರುದ್ಧ ಗೆದ್ದದ್ದು 537 ಓಟಿನಿಂದ. ಅದೇ ರಾಜ್ಯದಲ್ಲಿ ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ 97 ಸಾವಿರಕ್ಕೂ ಹೆಚ್ಚು ಓಟು ಬಿದ್ದಿತ್ತು. ನೇಡರ್ ನಿಲ್ಲದಿದ್ದರೆ ಅವೆಲ್ಲ ಅಲ್ ಗೋರ್‌ಗೇ ಹೋಗುತ್ತಿದ್ದವು ಎಂದು ಯಾರೂ ಆಣೆ ಇಟ್ಟು ಹೇಳಲಾಗದು. ಆದರೆ ಅಂದಿನಿಂದ ಪ್ರತಿ ಚುನಾವಣೆಯಲ್ಲೂ ನೇಡರ್ ಹೆಸರು ಹೇಳಿ ಹೆದರಿಸುತ್ತಾ ಬಂದಿದ್ದಾರೆ.

ಹಾಗಾದರೆ ಇದೇ ಪದ್ಧತಿ ಇರುವ ಕೆನಡಾ, ಭಾರತದಲ್ಲಿ ಅಷ್ಟೊಂದು ಪಕ್ಷಗಳು ಹೇಗಿವೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಈ ಪದ್ಧತಿಯಲ್ಲಿ ಸ್ಪರ್ಧೆ ನಡೆಯುವುದು ಕ್ಷೇತ್ರದೊಳಗೆ, ದೇಶದ ಒಟ್ಟು ಲೆಕ್ಕದಲ್ಲಲ್ಲ. ಒಂದೇ ಪ್ರದೇಶದಲ್ಲಿ ಬೇರು ಬಿಟ್ಟ ಪಕ್ಷ ಅಲ್ಲಿಯ ಇಬ್ಬರು ದೊಡ್ಡವರಲ್ಲಿ ಒಬ್ಬರಾಗಿಬಿಡುತ್ತದೆ. 1993ರಲ್ಲಿ ಕೆನಡಾದ ಬ್ಲಾಕ್ ಕೆಬೆಕ್ವಾ ಕೆಬೆಕ್ ಪ್ರಾಂತದಲ್ಲಿ ಮಾತ್ರ ನಿಂತು, ದೇಶದ 13.5% ಓಟಿಗೇ 54 ಸೀಟು ಗೆದ್ದು ಅಧಿಕೃತ ವಿರೋಧ ಪಕ್ಷವಾಯಿತು. ಅಲ್ಲಿಯವರೆಗೆ ದೇಶ ಆಳುತ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್‌ಗೆ ಬಂದದ್ದು 16%. ಅವರ ಓಟು ದೇಶವೆಲ್ಲ ಹರಡಿತ್ತು. ಸಿಕ್ಕಿದ್ದು ಎರಡೇ ಸೀಟು.

ಅಮೆರಿಕದಲ್ಲಿ ಇದರ ಮೇಲೆ ಬೇರೆ ಬೇಲಿಗಳೂ ಇವೆ. ಮತಪತ್ರದಲ್ಲಿ ಹೆಸರು ಬರಲು ಒಂದೊಂದು ರಾಜ್ಯದಲ್ಲೂ ಬೇರೆ ಬೇರೆ ನಿಯಮ, ಸಾವಿರಾರು ಮತದಾರರ ಸಹಿ. ಪೆರೋ 1992ರಲ್ಲಿ ಟಿವಿ ಚರ್ಚೆಯಲ್ಲಿದ್ದರು, 1996ರಲ್ಲಿ ಅವರನ್ನು ಒಳಗೇ ಬಿಡಲಿಲ್ಲ. ಮುಂದೆ 2000ದ ಚುನಾವಣೆಯಿಂದ, ಸಮೀಕ್ಷೆಗಳಲ್ಲಿ 15% ಬೆಂಬಲ ಇದ್ದರೆ ಮಾತ್ರ ಚರ್ಚೆಗೆ ಪ್ರವೇಶ ಎಂದಾಯಿತು. ಚರ್ಚೆಯಲ್ಲಿ ಕಾಣಿಸದೆ 15% ತಲುಪುವುದು ಹೇಗೆ, ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಲೇಖಕರ ಒಂದು ಮಾತು ಮಾತ್ರ ನಿಜ. ಸಣ್ಣ ಪಕ್ಷಗಳ ಬೇಡಿಕೆಯನ್ನು ದೊಡ್ಡ ಪಕ್ಷಗಳು ಎತ್ತಿಕೊಂಡು ಹೋಗುತ್ತವೆ. 1892ರಲ್ಲಿ ಅಮೆರಿಕದ ಪಾಪ್ಯುಲಿಸ್ಟ್ ಎಂಬ ಸಣ್ಣ ಪಕ್ಷದವರು ಆದಾಯ ತೆರಿಗೆ ಬೇಕೆಂದರು, ಸೆನೆಟರ್‌ಗಳನ್ನು ಜನರೇ ನೇರವಾಗಿ ಆರಿಸಬೇಕೆಂದರು. 1913ರಲ್ಲಿ ಎರಡೂ ಸಂವಿಧಾನಕ್ಕೆ ಸೇರಿದವು. ಅಷ್ಟರಲ್ಲಿ ಆ ಪಕ್ಷವೇ ಇರಲಿಲ್ಲ.

ದಾರಿ ಎಲ್ಲಿದೆ? ನ್ಯೂಜಿಲೆಂಡ್ ನೋಡಿ. ಅಲ್ಲಿ 1981ರಲ್ಲಿ ಸೋಷಿಯಲ್ ಕ್ರೆಡಿಟ್ ಪಕ್ಷಕ್ಕೆ 20.7% ಓಟು ಬಂದು ಎರಡೇ ಸೀಟು ಸಿಕ್ಕವು. ಅದಕ್ಕಿಂತ ಜನರಿಗೆ ಚುಚ್ಚಿದ್ದು, 1978 ಮತ್ತು 1981 ಎರಡರಲ್ಲೂ ಲೇಬರ್‌ಗೆ ಓಟು ಹೆಚ್ಚು ಬಂದರೂ ಸರ್ಕಾರ ನ್ಯಾಷನಲ್ ಪಕ್ಷದ್ದಾದದ್ದು. ಮುಂದೆ ಲೇಬರ್ ಪಕ್ಷದ ಪ್ರಧಾನಿ ಡೇವಿಡ್ ಲಾಂಗಿ 1987ರಲ್ಲಿ ಟಿವಿ ಚರ್ಚೆಯೊಂದರಲ್ಲಿ ಚುನಾವಣಾ ಪದ್ಧತಿಯ ಬಗ್ಗೆ ಜನಮತಗಣನೆ ನಡೆಸುತ್ತೇವೆ ಎಂದುಬಿಟ್ಟರು. ಟಿಪ್ಪಣಿ ತಪ್ಪಾಗಿ ಓದಿ ಹಾಗೆ ಹೇಳಿದರು ಎಂಬ ಮಾತೂ ಇದೆ! ಲೇಬರ್ ಆ ಮಾತು ಉಳಿಸಿಕೊಳ್ಳಲಿಲ್ಲ. ಅವರನ್ನು ಹಣಿಯಲು ನ್ಯಾಷನಲ್ ಪಕ್ಷವೂ ಅದೇ ಭರವಸೆ ಕೊಟ್ಟು ಸಿಕ್ಕಿಹಾಕಿಕೊಂಡಿತು. 1993ರ ಜನಮತಗಣನೆಯಲ್ಲಿ ಜನ ಪದ್ಧತಿ ಬದಲಿಸಿದರು. 1996ರಿಂದ ಅಲ್ಲಿ ಪಕ್ಷದ ಓಟಿನ ಪಾಲಿಗೆ ಹೊಂದುವಂತೆ ಸೀಟು ಹಂಚುತ್ತಾರೆ. ಇವತ್ತಿಗೂ ಪ್ರಧಾನಿ ಬರುವುದು ಆ ಎರಡು ಪಕ್ಷಗಳಿಂದಲೇ, ಆದರೆ ಹೆಚ್ಚಿನ ಸಲ ಸಣ್ಣ ಪಕ್ಷದ ಕೈ ಹಿಡಿದೇ ಸರ್ಕಾರ ನಡೆಸಬೇಕು. ಗೆಲ್ಲಿಸಿದ ನಿಯಮವನ್ನು ಗೆದ್ದವರು ತಾವಾಗಿ ಬದಲಿಸುವುದು ಅಪರೂಪ. ಅಲ್ಲಿ ಅದು ಆದದ್ದು ಇಬ್ಬರೂ ಮಾತು ಕೊಟ್ಟುಬಿಟ್ಟಿದ್ದರಿಂದ.

ಹೀಗಾಗಿ ನಾಲ್ಕು ವರ್ಷಕ್ಕೊಮ್ಮೆ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋಲುವ ಬದಲು, ಮೇನ್ ಮತ್ತು ಅಲಾಸ್ಕಾ ರಾಜ್ಯಗಳಲ್ಲಿ ಬಂದಿರುವ ಆದ್ಯತಾ ಮತದಾನಕ್ಕೆ ಬೇರೆ ಕಡೆಯೂ ಹೋರಾಡುವುದು ಮೂರನೇ ಪಕ್ಷದವರಿಗೆ ಜಾಸ್ತಿ ಲಾಭ ಎಂದು ನನಗನ್ನಿಸುತ್ತದೆ. ಅಲ್ಲಿ ಮೊದಲ ಆಯ್ಕೆ ಸೋತರೆ ಓಟು ಎರಡನೇ ಆಯ್ಕೆಗೆ ಹೋಗುತ್ತದೆ.

ನಿಮ್ಮಲ್ಲೂ ಒಂದು ಕೋರಿಕೆ. ಯಾವ ದೇಶದ್ದೇ ಚುನಾವಣೆ ಇರಲಿ, ಸೀಟಿನ ಪಟ್ಟಿಯ ಪಕ್ಕದಲ್ಲೇ ಓಟಿನ ಶೇಕಡಾವಾರು ಪಟ್ಟಿಯನ್ನೂ ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ.

ಇಂತಿ,
ಒಬ್ಬ ಓದುಗ