ಗುರುತು ಪಡಿಯಚ್ಚಿನ ಮೇಲಿರಲಿ, ಒಳಗೆ ಬೆರೆಯದಿರಲಿ

ಮಾನ್ಯ ಸಂಪಾದಕರೇ,

ಶಾಸನಗಳ ಪಡಿಯಚ್ಚುಗಳನ್ನು (ಕಲ್ಲಿನ ಮೇಲೆ ಕಾಗದ ಒತ್ತಿ ಮಸಿ ಹಚ್ಚಿ ತೆಗೆದ ಪ್ರತಿಗಳನ್ನು) ಸ್ಕ್ಯಾನ್ ಮಾಡಿ, ಕಂಪ್ಯೂಟರ್ ತೆರೆಯ ಮೇಲೆ ಸಾಲು ಸಾಲಾಗಿ ಓದಿ ಗುರುತು ಹಾಕಲು ಸಂಶೋಧಕರೂ ವಿದ್ಯಾರ್ಥಿಗಳೂ ತಾವೇ ಸಣ್ಣ ತಂತ್ರಾಂಶ ಬರೆದುಕೊಳ್ಳುತ್ತಿದ್ದಾರೆ. ಇದು ಸಂತೋಷದ ವಿಷಯ. ಆದರೆ ಇಂಥ ಅನೇಕ ತಂತ್ರಾಂಶಗಳು ಸಾಲಿನ ಸಂಖ್ಯೆ, ತ್ರುಟಿತ ಅಕ್ಷರದ ಚೌಕ, ಅನುಮಾನದ ಗೆರೆ ಎಲ್ಲವನ್ನೂ ಸ್ಕ್ಯಾನ್ ಚಿತ್ರದ ಪಿಕ್ಸೆಲ್‌ಗಳ ಮೇಲೇ ಬರೆದು, ಅದನ್ನೇ ಜೆಪೆಗ್ ಆಗಿ ಉಳಿಸುತ್ತವೆ. ಗೆರೆಯ ಕೆಳಗಿದ್ದ ಪಿಕ್ಸೆಲ್ ಅಲ್ಲಿಗೆ ಹೋಯಿತು. ಜೆಪೆಗ್ 8×8 ಪಿಕ್ಸೆಲ್ ತುಂಡುಗಳಲ್ಲಿ ಸಂಕುಚಿಸುವುದರಿಂದ ಗಾಢ ಕೆಂಪು ಗೆರೆಯ ಸುತ್ತಲಿನ ಭಾಗವೂ ಕದಡುತ್ತದೆ. ಸವೆದ ಕಲ್ಲಿನ ಅಕ್ಷರ ಪಕಾರವೋ ವಕಾರವೋ ಎಂಬುದಕ್ಕೆ ಕೆಲವೊಮ್ಮೆ ಒಂದು ಸಣ್ಣ ಗೀರೇ ಆಧಾರ. ಅದನ್ನೇ ಅಳಿಸಿದರೆ ಮುಂದೆ ಓದುವವರಿಗೆ ಏನು ಉಳಿಯಿತು? ಕರ್ನಾಟಕದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಮೈಸೂರು ವಿಶ್ವವಿದ್ಯಾಲಯ ಪರಿಷ್ಕೃತ ಸಂಪುಟಗಳನ್ನು ತರತೊಡಗಿದ್ದು 1972ರಲ್ಲಿ. ಶಾಸನದಲ್ಲಿ ಓದಿದ ಪಾಠವನ್ನು ತಿದ್ದುವ ಕೆಲಸ ತಲೆಮಾರುಗಳ ಆಚೆಗೂ ನಡೆಯುತ್ತದೆ. ಆದ್ದರಿಂದ ಚಿತ್ರ ಹಾಗೇ ಇರಬೇಕು, ಗುರುತು ಅದರ ಮೇಲೆ ಬೇರೆ ಪದರವಾಗಿರಬೇಕು.

ಪದರವೆಂದರೆ ಚಿತ್ರದಷ್ಟೇ ದೊಡ್ಡ ಇನ್ನೊಂದು ಪಾರದರ್ಶಕ ಚಿತ್ರ ಎಂದುಕೊಂಡರೆ ಮತ್ತೊಂದು ತೊಂದರೆ. 1.2 ಮೀಟರ್ ಎತ್ತರ, 60 ಸೆಂಟಿಮೀಟರ್ ಅಗಲದ ಪಡಿಯಚ್ಚನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಪಿಕ್ಸೆಲ್) ಸ್ಕ್ಯಾನ್ ಮಾಡಿದರೆ ಸುಮಾರು 28,346 × 14,173 ಪಿಕ್ಸೆಲ್, ಅಂದರೆ 40 ಕೋಟಿ. ಪಿಕ್ಸೆಲ್‌ಗೆ 4 ಬೈಟ್‌ನಂತೆ 1.6 ಗಿಗಾಬೈಟ್ ಸ್ಮೃತಿ ಬೇಕು. ಮೇಲೆ ಅಷ್ಟೇ ದೊಡ್ಡ ಪದರ ಇಟ್ಟರೆ ದುಪ್ಪಟ್ಟು. ಆದರೆ 1920 × 1080 ತೆರೆಯಲ್ಲಿ ಕಾಣುವುದು 21 ಲಕ್ಷ ಪಿಕ್ಸೆಲ್ ಮಾತ್ರ. ಚಿತ್ರವನ್ನು 256 × 256ರ ಹಂಚುಗಳಾಗಿ ಕತ್ತರಿಸಿಟ್ಟರೆ ತೆರೆ ತುಂಬಲು ಹೆಚ್ಚೆಂದರೆ 54 ಹಂಚು, ಸುಮಾರು 13.5 ಮೆಗಾಬೈಟ್ ಸಾಕು. ಪ್ರತಿ ಬಾರಿ ಅರ್ಧಕ್ಕಿಳಿಸಿದ ಸಣ್ಣ ಪ್ರತಿಗಳನ್ನೂ ಜೊತೆಗಿಟ್ಟರೆ ಒಟ್ಟು ಮೂರನೇ ಒಂದರಷ್ಟು ಜಾಗ ಹೆಚ್ಚಾಗುತ್ತದೆ, ಆದರೆ ಇಡೀ ಶಾಸನವನ್ನು ಒಮ್ಮೆಗೆ ನೋಡುವಾಗ 40 ಕೋಟಿ ಪಿಕ್ಸೆಲ್ ಓದುವ ಪಾಡು ತಪ್ಪುತ್ತದೆ. ಪೈಥಾನ್‌ನ ಚಿತ್ರ ಲೈಬ್ರರಿ ಪಿಲ್ಲೋ ಬಳಸುವವರು ಗಮನಿಸಬೇಕು: ಅದು 8,94,78,485 ಪಿಕ್ಸೆಲ್ ದಾಟಿದ ಚಿತ್ರಕ್ಕೆ ಎಚ್ಚರಿಕೆ ಕೊಡುತ್ತದೆ, ಅದರ ಎರಡರಷ್ಟು ದಾಟಿದರೆ ತೆರೆಯಲು ಒಪ್ಪುವುದೇ ಇಲ್ಲ. ಕಡತ ಕೆಟ್ಟಿದೆ ಎಂದು ಮತ್ತೆ ಸ್ಕ್ಯಾನ್ ಮಾಡಲು ಹೊರಡಬೇಡಿ.

ಗುರುತುಗಳನ್ನು ಅಂಕಿಗಳಾಗಿ ಮಾತ್ರ ಇಟ್ಟುಕೊಂಡು, ವಿಂಡೋ ಮತ್ತೆ ಬಿಡಿಸಿಕೊಳ್ಳುವ ಪ್ರತಿ ಸಲ ಕಾಣುವ ಭಾಗಕ್ಕೆ ಬೇಕಾದಷ್ಟನ್ನೇ ಬಿಡಿಸಬೇಕು. ಎಲ್ಲಕ್ಕಿಂತ ಮುಖ್ಯ, ಆ ಅಂಕಿಗಳು ವಿಂಡೋದ ಅಳತೆಯಲ್ಲಲ್ಲ, ಮೂಲ ಚಿತ್ರದ ಅಳತೆಯಲ್ಲಿರಬೇಕು. ತೆರೆಯ ಸ್ಥಾನವೆಂದರೆ ಚಿತ್ರದ ಸ್ಥಾನವನ್ನು ಝೂಮ್‌ನಿಂದ ಗುಣಿಸಿ ಸ್ಕ್ರೋಲ್ ಕಳೆದದ್ದು. ಮೌಸ್ ಒತ್ತಿದಾಗ ಇದರ ತಿರುಗುಮುರುಗು: ಮೌಸ್ ಸ್ಥಾನಕ್ಕೆ ಸ್ಕ್ರೋಲ್ ಕೂಡಿಸಿ ಝೂಮ್‌ನಿಂದ ಭಾಗಿಸಿ. ಝೂಮ್ 0.25, ಸ್ಕ್ರೋಲ್ 3,000, ಮೌಸ್ 412ರಲ್ಲಿದ್ದರೆ ಉಳಿಸಬೇಕಾದ ಅಂಕಿ 13,648. 412 ಎಂದೇ ಉಳಿಸಿದರೆ ಮುಂದಿನ ಸ್ಕ್ರೋಲ್‌ಗೇ ಚೌಕ ಅಕ್ಷರದಿಂದ ಕಳಚಿಕೊಳ್ಳುತ್ತದೆ. ಚಿತ್ರ ಚಿಕ್ಕದಾಗಿ ವಿಂಡೋದ ನಡುವೆ ನಿಂತಾಗ ಅಂಚಿನ ಖಾಲಿ ಜಾಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಮರೆಯುವವರು ಬಹಳ.

ವಿಂಡೋ, ಸ್ಕ್ರೋಲ್ ಮೊದಲಾದವನ್ನು ಒದಗಿಸುವ ಪ್ರತಿ ತಂತ್ರಾಂಶ ಉಪಕರಣಕ್ಕೂ (ಟೂಲ್‌ಕಿಟ್) ಅದರದೇ ಕ್ರಮವಿದೆ. ಟಿಕೆ‌ಇಂಟರ್‌ನಲ್ಲಿ ಕ್ಯಾನ್ವಾಸ್‌ಎಕ್ಸ್, ಕ್ಯಾನ್ವಾಸ್‌ವೈ ಕರೆದರೆ ಸ್ಕ್ರೋಲ್ ಕೂಡಿದ ಸ್ಥಾನ ಸಿಗುತ್ತದೆ, ಝೂಮ್‌ನ ಭಾಗಾಕಾರ ಮಾತ್ರ ನಮ್ಮದು. ಡಬ್ಲ್ಯೂಎಕ್ಸ್‌ನಲ್ಲಿ ಬಿಡಿಸುವ ಮೊದಲು ಡೂಪ್ರಿಪೇರ್‌ಡಿಸಿ, ಮೌಸ್‌ಗೆ ಕ್ಯಾಲ್ಕ್‌ಅನ್‌ಸ್ಕ್ರೋಲ್ಡ್‌ಪೊಸಿಷನ್. ಕ್ಯೂಟಿಯ ಸ್ಕ್ರೋಲ್ ಪ್ರದೇಶದಲ್ಲಿ ಚಿತ್ರಿಸುವ ಪೇಂಟರನ್ನು ವಿಜೆಟ್ (ತೆರೆಯ ಮೇಲಿನ ಘಟಕ) ಮೇಲಲ್ಲ, ಅದರೊಳಗಿನ ವ್ಯೂಪೋರ್ಟ್ (ಕಾಣುವ ಭಾಗ) ಮೇಲೆ ತೆರೆಯಬೇಕು. ಮತ್ತೆ ಬಿಡಿಸಲು ಕೇಳುವ ಅಪ್‌ಡೇಟ್ ಕರೆಯೂ ವ್ಯೂಪೋರ್ಟ್‌ಗೇ. ಇಲ್ಲದಿದ್ದರೆ ಕೋಡ್ ಸರಿಯಾಗೇ ಕಾಣುತ್ತದೆ, ತೆರೆಯ ಮೇಲೆ ಮಾತ್ರ ಏನೂ ಮೂಡುವುದಿಲ್ಲ.

ಗುರುತು ಜಾಗ ತಪ್ಪಿದಾಗ ಕಾರಣ ಹುಡುಕಲು ಒಂದು ಸುಲಭ ದಾರಿಯಿದೆ. ತಪ್ಪು ಎಲ್ಲೆಡೆ ಒಂದೇ ಅಳತೆಯಲ್ಲಿದ್ದರೆ ಸ್ಕ್ರೋಲ್ ಅಥವಾ ಅಂಚಿನ ಲೆಕ್ಕ ಬಿಟ್ಟುಹೋಗಿದೆ. ಎಡ ಮೇಲ್ತುದಿಯಲ್ಲಿ ಸರಿಯಿದ್ದು ಬಲಕ್ಕೆ, ಕೆಳಕ್ಕೆ ಹೋದಷ್ಟೂ ಹೆಚ್ಚುತ್ತಿದ್ದರೆ ಗುಣಕ ತಪ್ಪಿದೆ: ಝೂಮ್ ಬಿಟ್ಟಿರಬಹುದು, ಇಲ್ಲವೇ ಡಿಸ್‌ಪ್ಲೇ 150 ಪ್ರತಿಶತಕ್ಕೆ ಇಟ್ಟಿರುವಾಗ ತಾರ್ಕಿಕ ಪಿಕ್ಸೆಲ್ (ತಂತ್ರಾಂಶ ಎಣಿಸುವುದು) ಮತ್ತು ನಿಜ ಪಿಕ್ಸೆಲ್ (ತೆರೆಯಲ್ಲಿರುವುದು) ಬೆರೆತಿರಬಹುದು. ಬಹಳ ದೂರದ ಗುರುತು ಮಾತ್ರ ಎಲ್ಲೋ ವಿಚಿತ್ರವಾಗಿ ಕಾಣಿಸಿಕೊಂಡರೆ 16 ಬಿಟ್‌ನ ಮಿತಿಯನ್ನು ಅನುಮಾನಿಸಿ. ಲಿನಕ್ಸ್ ಮೊದಲಾದವುಗಳ ವಿಂಡೋ ವ್ಯವಸ್ಥೆ ಎಕ್ಸ್11ರಲ್ಲಿ ಚಿತ್ರಿಸುವ ಸ್ಥಾನ 32,767ನ್ನು ಮೀರುವಂತಿಲ್ಲ. ಮೇಲೆ ಹೇಳಿದ ಪಡಿಯಚ್ಚು ಎರಡರಷ್ಟು ಹಿಗ್ಗಿದರೆ 56,692 ಆಗುತ್ತದೆ. ವಿಂಡೋಸ್‌ನ ಸ್ಕ್ರೋಲ್ ಸಂದೇಶದಲ್ಲೂ ಸ್ಥಾನಕ್ಕೆ 16 ಬಿಟ್ ಮಾತ್ರ, ಪೂರ್ಣ ಅಂಕಿಗೆ ಗೆಟ್‌ಸ್ಕ್ರೋಲ್‌ಇನ್ಫೋ ಕರೆಯಬೇಕು. ಸ್ಕ್ರೋಲನ್ನು ನಾವೇ ಕಳೆದು, ಕಾಣುವ ಆಯತದಾಚೆಗಿನದನ್ನು ಬಿಟ್ಟು ಬಿಡಿಸಿದರೆ ಚಿತ್ರಿಸುವಲ್ಲಿ ಈ ಮಿತಿ ಎದುರಾಗುವುದೇ ಇಲ್ಲ.

ಸ್ಕ್ರೋಲ್ ಮಾಡುವಾಗ ಗುರುತಿನ ಬಾಲ ಉಳಿಯುವುದು ಇನ್ನೊಂದು ಸಾಮಾನ್ಯ ದೂರು. ಅನೇಕ ಉಪಕರಣಗಳು ವೇಗಕ್ಕಾಗಿ, ಈಗಾಗಲೇ ತೆರೆಯಲ್ಲಿರುವ ಪಿಕ್ಸೆಲ್‌ಗಳನ್ನು ಸರಿಸಿ, ಹೊಸದಾಗಿ ತೆರೆದುಕೊಂಡ ಪಟ್ಟಿಯನ್ನಷ್ಟೇ ಬಿಡಿಸಲು ಹೇಳುತ್ತವೆ. ಚಿತ್ರಕ್ಕೆ ಅಂಟಿದ ಗುರುತಿಗೆ ಇದರಿಂದ ಬಾಧೆಯಿಲ್ಲ. ವಿಂಡೋಗೆ ಅಂಟಿದ ಅಳತೆಪಟ್ಟಿ, ಭೂತಗನ್ನಡಿಗಳು ಮಾತ್ರ ಚಿತ್ರದ ಜೊತೆ ಎಳೆದುಕೊಂಡು ಹೋಗುತ್ತವೆ. ಅವಕ್ಕೆ ಮೇಲೆ ಬೇರೆ ಪಾರದರ್ಶಕ ವಿಜೆಟ್ ಇಡಿ. ಜಾವಾ ಸ್ವಿಂಗ್ ಆದರೆ ವ್ಯೂಪೋರ್ಟನ್ನು ಸಿಂಪಲ್ ಸ್ಕ್ರೋಲ್ ಮೋಡ್‌ಗೆ ಹಾಕಿ. ಮೌಸ್ ಎಳೆಯುವಾಗ ಹಿಗ್ಗುವ ಚೌಕಕ್ಕೆ ಹಳೆಯ ಆಯತ, ಹೊಸ ಆಯತ ಎರಡನ್ನೂ ಕೂಡಿಸಿ, ಗೆರೆಯ ದಪ್ಪಕ್ಕಿಂತ ಒಂದೆರಡು ಪಿಕ್ಸೆಲ್ ಹೆಚ್ಚಿಗೆ ಅಪ್‌ಡೇಟ್ ಕೇಳಬೇಕು.

ಗೆರೆಯ ದಪ್ಪ ಮಾತ್ರ ತೆರೆಯ ಅಳತೆಯಲ್ಲಿರಲಿ. ಚಿತ್ರದ ಅಳತೆಯ 2 ಪಿಕ್ಸೆಲ್ ಗೆರೆ ಝೂಮ್ 0.1ರಲ್ಲಿ ಕಣ್ಮರೆಯಾಗುತ್ತದೆ, 8ರಲ್ಲಿ 16 ಪಿಕ್ಸೆಲ್ ಆಗಿ ಅಕ್ಷರವನ್ನೇ ಮುಚ್ಚುತ್ತದೆ. ಕ್ಯೂಟಿಯಲ್ಲಿ ಪೆನ್ನನ್ನು ಕಾಸ್ಮೆಟಿಕ್ ಎಂದು ಘೋಷಿಸಿದರೆ ಸಾಕು. ಗುರುತನ್ನು ಮೌಸ್‌ನಿಂದ ಹಿಡಿಯುವಾಗ ಎಷ್ಟು ದೂರದವರೆಗೆ ಒಪ್ಪಬೇಕೆಂಬುದೂ ಹಾಗೇ, ತೆರೆಯ 6 ಪಿಕ್ಸೆಲ್ ಎಂದರೆ ಝೂಮ್ 0.25ರಲ್ಲಿ ಚಿತ್ರದ 24. ಪಡಿಯಚ್ಚಿನಲ್ಲಿ ಮಸಿ ಹತ್ತಿದ ಕಪ್ಪು ನೆಲ, ತಗ್ಗಿನಲ್ಲಿರುವ ಅಕ್ಷರ ಬಿಳಿ. ಬಿಳಿ ಗೆರೆ ಅಕ್ಷರದೊಳಗೆ ಕಳೆದುಹೋಗುತ್ತದೆ, ಕಪ್ಪು ಗೆರೆ ನೆಲದಲ್ಲಿ. ಮೊದಲು 4 ಪಿಕ್ಸೆಲ್ ಕಪ್ಪು ಗೆರೆ, ಅದರ ಮೇಲೆ 2 ಪಿಕ್ಸೆಲ್ ಹಳದಿ ಗೆರೆ ಎಳೆದರೆ ಎರಡರ ಮೇಲೂ ಎದ್ದು ಕಾಣುತ್ತದೆ.

ಗುರುತಿನ ಪಕ್ಕ ಕನ್ನಡದಲ್ಲಿ ಬರೆಯಬೇಕಾದಾಗ ಚಿತ್ರ ಸಂಸ್ಕರಣದ ಲೈಬ್ರರಿ ಓಪನ್‌ಸಿವಿಯ ಪುಟ್‌ಟೆಕ್ಸ್ಟ್ ಬೇಡ, ಅಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೇ ಬರುತ್ತವೆ. ಪಿಲ್ಲೋದಲ್ಲಿ ಅಕ್ಷರ ಜೋಡಿಸುವ ರಾಕ್ಮ್ ಲೈಬ್ರರಿ ಜೊತೆಗಿರದಿದ್ದರೆ ಒತ್ತಕ್ಷರ ಒಡೆದುಹೋಗುತ್ತದೆ. ಉಪಕರಣದ ಸ್ವಂತ ಪಠ್ಯ ಸೌಲಭ್ಯವೇ ವಾಸಿ.

ಉಳಿಸುವಾಗ ಚಿತ್ರದ ಪಕ್ಕ ಒಂದು ಜೇಸನ್ (ಸರಳ ಪಠ್ಯರೂಪದ ಮಾಹಿತಿ) ಕಡತವಿರಲಿ. ಅದರಲ್ಲಿ ಚಿತ್ರದ ಅಗಲ, ಎತ್ತರ, ಡಿಪಿಐ, ಶಾ-256 ಮೊತ್ತ (ಕಡತ ಬದಲಾದರೆ ತಾನೂ ಬದಲಾಗುವ ಬೆರಳಚ್ಚಿನಂಥ ಸಂಖ್ಯೆ), ಪ್ರತಿ ಗುರುತಿನ ಬಿಂದುಗಳು, ಓದಿದ ಪಾಠ, ಓದಿದವರು, ದಿನಾಂಕ ಇರಬೇಕು. ಝೂಮ್, ಸ್ಕ್ರೋಲ್ ಬೇಡ. ಕ್ಯಾಮೆರಾದಲ್ಲಿ ತೆಗೆದ ಚಿತ್ರವಾದರೆ, ಕ್ಯಾಮೆರಾ ಕಡತದೊಳಗೆ ಬರೆದಿಡುವ ಮಾಹಿತಿಯಾದ ಎಕ್ಸಿಫ್‌ನ ತಿರುಗಿಸುವ ಸೂಚನೆಯನ್ನು ಅನ್ವಯಿಸಿ ಅಳೆದದ್ದೋ ಅಲ್ಲವೋ ಎಂಬುದನ್ನೂ ಬರೆದಿಡಿ. ಒಂದು ತಂತ್ರಾಂಶ ಅದನ್ನು ಪಾಲಿಸಿ ಇನ್ನೊಂದು ಕಡೆಗಣಿಸಿದರೆ ಗುರುತುಗಳೆಲ್ಲ 90 ಡಿಗ್ರಿ ತಿರುಗುತ್ತವೆ. ಮುದ್ರಣಕ್ಕೆ ಗುರುತು ಸಹಿತದ ಚಿತ್ರ ಬೇಕಾದರೆ ಬೇರೆ ಹೆಸರಿನ ಪ್ರತಿಯಾಗಿ ಹೊರತೆಗೆಯಬಹುದು.

ಹೊಸ ತಂತ್ರಾಂಶವನ್ನು ಬಳಕೆಗೆ ಒಪ್ಪುವ ಮೊದಲು ಪಡಿಯಚ್ಚಿನ ಬಲ ಕೆಳತುದಿಯ ಕೊನೆಯ ಅಕ್ಷರಕ್ಕೆ 400 ಪ್ರತಿಶತ ಝೂಮ್‌ನಲ್ಲಿ ಚೌಕ ಹಾಕಿ ಮುಚ್ಚಿ. ಡಿಸ್‌ಪ್ಲೇ 150 ಪ್ರತಿಶತಕ್ಕಿಟ್ಟ ಮತ್ತೊಂದು ಕಂಪ್ಯೂಟರಿನಲ್ಲಿ ತೆರೆದು, 10 ಪ್ರತಿಶತಕ್ಕಿಳಿಸಿ ಮತ್ತೆ ಹಿಗ್ಗಿಸಿ ನೋಡಿ. ಚೌಕ ಅದೇ ಅಕ್ಷರದ ಮೇಲಿರಬೇಕು, ಚಿತ್ರದ ಕಡತದ ಶಾ-256 ಮೊತ್ತ ಒಂದಂಕಿಯೂ ಬದಲಾಗಿರಬಾರದು.

ಇತಿ,
ಶಾಸನ ಪಡಿಯಚ್ಚುಗಳ ತಂತ್ರಾಂಶ ಬರೆಯುವ ಓದುಗ
ಮೈಸೂರು